ರಾಯರು ಆರಿಸಿದ ಗರಗಸ

ರಾಯರಿಗೆ ಒಂದು ಛತ್ರಿ ಕೊಳ್ಳಬೇಕಾದರೆ ಇಡೀ ಮಳೆಗಾಲ ಬೇಕಾಗುತ್ತಿತ್ತು. ಇಲ್ಲದ್ದನ್ನು ಸೇರಿಸಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಕಣ್ಣಾರೆ ಕಂಡದ್ದು. ಮೊದಲ ಮಳೆ ಬಿದ್ದಾಗ ಅಂಗಡಿ ಸುತ್ತಲು ಶುರುಮಾಡಿದವರು ದೀಪಾವಳಿಯ ಹೊತ್ತಿಗೆ ಛತ್ರಿ ತಂದರು. ಅಲ್ಲಿಯವರೆಗೆ ತಲೆಯ ಮೇಲೆ ಪ್ಲಾಸ್ಟಿಕ್ ಕವರು ಹೊದ್ದುಕೊಂಡು ಆಫೀಸಿಗೆ ಹೋದರು. ತಂದ ಛತ್ರಿಯಾದರೂ ಅವರಿಗಲ್ಲ, ಅವರ ಅಕ್ಕನಿಗೆ. ಅಕ್ಕನ ಬೆರಳುಗಳಿಗೆ ವಾತ. ಗುಂಡಿ ಒತ್ತಿದರೆ ತೆರೆದುಕೊಳ್ಳುವ ಛತ್ರಿ ಕೈಯನ್ನು ಜಗ್ಗುತ್ತದೆ, ಜಗ್ಗದ ಛತ್ರಿ ಹುಡುಕುವುದಕ್ಕೆ ಅಷ್ಟು ದಿನ ಹಿಡಿಯಿತು. ಮರುವರ್ಷದ ಮಳೆಗೂ ರಾಯರ ತಲೆಯ ಮೇಲೆ ಅದೇ ಪ್ಲಾಸ್ಟಿಕ್ ಕವರು.

ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಯಾರಾದರೂ ಬೀದಿಯಲ್ಲಿ ಜೋರಾಗಿ ಹೆಸರು ಹಿಡಿದು ಕರೆದರೆ ಮುದುಡಿಕೊಳ್ಳುತ್ತಿದ್ದ ಮನುಷ್ಯ. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಎಲ್ಲರಿಗೂ ಅವರು ರಾಯರು, ಅಷ್ಟೆ. ವಿಮಾ ಕಚೇರಿಯಲ್ಲಿ ಗುಮಾಸ್ತರು. ಮದುವೆಯಾಗಿರಲಿಲ್ಲ. ಬಾಗಿಲಿನ ಚೌಕಟ್ಟು ಹಣೆಗೆ ತಾಗುವಷ್ಟು ಎತ್ತರ, ಮೈಯಲ್ಲಿ ಮಾತ್ರ ಏನೂ ಇಲ್ಲ, ಶರಟು ಮೊಳೆಗೆ ನೇತು ಹಾಕಿದ ಹಾಗೆ ಕಾಣುತ್ತಿತ್ತು. ವಠಾರದ ಕೊನೆಯಲ್ಲಿ ಅವರ ಮನೆ, ಪಕ್ಕದ್ದು ನಮ್ಮದು. ಎರಡು ಮನೆಗೂ ಸೇರಿ ಹಿತ್ತಿಲಲ್ಲಿ ಒಂದೇ ಬಚ್ಚಲುಮನೆ, ಅದರಲ್ಲಿ ಒಲೆಯ ಮೇಲೆ ಕೂರಿಸಿ ಗಾರೆ ಮೆತ್ತಿದ ತಾಮ್ರದ ಹಂಡೆ.

ನಾವೆಲ್ಲ ಅಕ್ಕಮ್ಮ ಎನ್ನುತ್ತಿದ್ದ ಅವರ ಅಕ್ಕ ಅವರಿಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಾಯಿ ಸತ್ತ ಮೇಲೆ ತಮ್ಮನನ್ನು ಅವರೇ ಸಾಕಿದರು. ಹಪ್ಪಳ ಒತ್ತಿ, ಮದುವೆಮನೆಗಳಲ್ಲಿ ಚಕ್ಕುಲಿ ಕರಿದು ಓದಿಸಿದರು. ಐವತ್ತು ದಾಟಿದ ತಮ್ಮನನ್ನು ಅವರು ಕರೆಯುತ್ತಿದ್ದದ್ದು "ಪುಟ್ಟಾ" ಎಂದೇ. ಆರಡಿ ಪುಟ್ಟ ಎಲ್ಲಿದ್ದರೂ "ಬಂದೆ ಅಕ್ಕಾ" ಎಂದು ಓಡಿ ಬರುತ್ತಿದ್ದ.

ಗಾಂಧಿಬಜಾರಿನಲ್ಲಿ ತರಕಾರಿ ಮಾರುವವಳು ಇವರನ್ನು ಕಂಡರೆ ಬುಟ್ಟಿಗೆ ಗೋಣಿ ಮುಚ್ಚುತ್ತಿದ್ದಳು. ಒಂದು ಸಲ ನಾನೂ ಜೊತೆಗಿದ್ದೆ. ರಾಯರು ಒಂದೊಂದೇ ಬದನೆಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅದುಮಿ ನೋಡುತ್ತಿದ್ದರು.

"ಸ್ವಾಮೀ, ಬದ್ನೇಕಾಯಿಗೂ ಜಾತಕ ನೋಡ್ತೀರಾ?" ಎಂದಳು ಅವಳು.

"ಅಕ್ಕಂಗೆ ಬೀಜ ಹಲ್ಲಿಗೆ ಸಿಕ್ಕಾಕೊಳ್ಳುತ್ತಮ್ಮಾ. ಎಳೇದು ಬೇಕು."

"ಹಲ್ಲೇ ಇಲ್ದಿದ್ ಮೇಲೆ ಎಲ್ಲಿ ಸಿಕ್ಕಾಕೊಳ್ಳುತ್ತೆ ರಾಯರೇ" ಎಂದು ನಾನು ಬಾಯಿ ಹಾಕಿದೆ. ನನ್ನ ಬಾಯಿ ಹಾಗೆ. ಬಸವನಗುಡಿಯ ಪ್ರೈಮರಿ ಶಾಲೆಯಲ್ಲಿ ಮಕ್ಕಳನ್ನು ಗದರಿಸಿ ಗದರಿಸಿ ಮನೆಯಲ್ಲೂ ಅದೇ ಅಭ್ಯಾಸ ಬಂದಿತ್ತು. ರಾಯರು ನಕ್ಕರು. "ಇನ್ನೂ ಮೂರಿವೆ ಟೀಚರಮ್ಮಾ. ಆ ಮೂರಕ್ಕೇ ನೋಡ್ತಿರೋದು."

ಅಕ್ಕಮ್ಮನಿಗೆ ಮರೆವು ಶುರುವಾದದ್ದು ತೊಂಬತ್ತರ ದಶಕದ ಕೊನೆಗೆ. ಮೊದಲು ಒಲೆಯ ಮೇಲಿನ ಹಾಲು ಮರೆತರು, ಆಮೇಲೆ ವಾರ, ಆಮೇಲೆ ನಮ್ಮ ಹೆಸರುಗಳು. ತಾವಿರುವುದು ಯಾವ ಊರು ಎಂಬುದನ್ನೂ ಮರೆತರು. ಒಂದನ್ನು ಮಾತ್ರ ಮರೆಯಲಿಲ್ಲ. ಸ್ನಾನವಾಗದೆ ಬಾಯಿಗೆ ಒಂದು ಹನಿ ಕಾಫಿ ಹಾಕಬಾರದು. ಅದು ಅವರ ಮೂಳೆಗೆ ಇಳಿದಿತ್ತು. ಮೈಮೇಲೆ ನೀರು ಬೀಳುವವರೆಗೆ ಊಟವಿಲ್ಲ, ಮಾತ್ರೆಯಿಲ್ಲ. ತುಟಿ ಬಿಗಿದು ಕೂತರೆ ಬ್ರಹ್ಮ ಬಂದರೂ ತೆರೆಸಲಾರ.

ಆ ನೀರೂ ಎಂಥದೋ ಒಂದು ಆಗುವುದಿಲ್ಲ. ರಾಯರು ಆಫೀಸಿನಲ್ಲಿ ಸಾಲ ಮಾಡಿ ಗೀಸರ್ ಹಾಕಿಸಿದರು. ಅಕ್ಕಮ್ಮ ಬಕೆಟ್ಟಿನಲ್ಲಿ ಕೈ ಅದ್ದಿ ಹಿಂದಕ್ಕೆ ಸರಿದರು. "ಇದು ಸತ್ತ ನೀರು. ನಂಗ್ಬೇಡ."

ನಾನೊಂದು ಉಪಾಯ ಹೇಳಿದೆ. ಗೀಸರಿನ ನೀರನ್ನೇ ಹಂಡೆಗೆ ಸುರಿದಿಟ್ಟೆವು. ಅಕ್ಕಮ್ಮ ಬಂದು ಹಂಡೆಯ ಮೈಗೆ ಅಂಗೈ ಇಟ್ಟರು, ಬಗ್ಗಿ ಒಲೆಯ ಬಾಯಿ ನೋಡಿದರು. "ಬೆಂಕಿ ಇಲ್ಲ, ಹೊಗೆ ಇಲ್ಲ, ನೀರು ಸುಡ್ತಿದೆ. ಯಾರೋ ಇದು ಮಾಟ ಮಾಡಿರೋದು?" ಎಂದು ಕೂಗಾಡಿ ಸ್ನಾನ ಮಾಡದೆ ಹೊರಗೆ ಓಡಿಹೋದರು. ಆವತ್ತು ಸಂಜೆಯವರೆಗೆ ಉಪವಾಸ. ರಾಯರು ಎಲ್ಲಿಂದಲೋ ಎರಡು ತೆಂಗಿನ ಮಟ್ಟೆ ತಂದು ಒಲೆ ಹಚ್ಚಿದರು. ಹೊಗೆ ಎದ್ದ ಮೇಲೆ ಅಕ್ಕಮ್ಮ ಏನೂ ಆಗಿಲ್ಲವೆಂಬಂತೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದರು.

ಅಂದರೆ ಲೆಕ್ಕ ಇಷ್ಟೇ. ಸೌದೆ ಇಲ್ಲದಿದ್ದರೆ ಸ್ನಾನ ಇಲ್ಲ, ಸ್ನಾನ ಇಲ್ಲದಿದ್ದರೆ ಅನ್ನ ಇಲ್ಲ. ಊರಿಗೆಲ್ಲ ಗ್ಯಾಸು ಬಂದಿದ್ದ ಕಾಲದಲ್ಲಿ ರಾಯರು ಸೌದೆಗಾಗಿ ಅಲೆಯಬೇಕಾಯಿತು. ಹತ್ತಿರದ ಸೌದೆ ಡಿಪೋದವನು ಸೀಳಿದ ಸೌದೆ ಮಾರುವುದನ್ನು ನಿಲ್ಲಿಸಿ, ಛತ್ರದ ಅಡುಗೆಯವರಿಗೆ ದಿಮ್ಮಿ ಮಾತ್ರ ಕೊಡುತ್ತಿದ್ದ. ಮಳೆಗಾಳಿಗೆ ಬಿದ್ದ ಗುಲ್‌ಮೊಹರ್ ಕೊಂಬೆಗಳನ್ನು ರಾಯರು ಕಾರ್ಪೊರೇಷನ್ನಿನವರನ್ನು ಕಾಡಿ ಬೇಡಿ ತಳ್ಳುಗಾಡಿಯಲ್ಲಿ ಹಾಕಿಸಿಕೊಂಡು ಬರುತ್ತಿದ್ದರು. ಆಫೀಸಿನಿಂದ ಬಂದು ಪಂಚೆ ಎತ್ತಿ ಕಟ್ಟಿ ಕೊಡಲಿ ಹಿಡಿಯುತ್ತಿದ್ದರು. ಒಳಗಿನಿಂದ ಅಕ್ಕಮ್ಮನ ಧ್ವನಿ ಬರುತ್ತಿತ್ತು.

"ಪುಟ್ಟಾ, ಸಾಕು ಬಾರೋ. ತೋಳು ನೋಯುತ್ತೆ."

"ಇಲ್ಲಕ್ಕಾ, ಹಗುರಾಗಿದೆ."

ಯಾವಾಗಲೂ ಇದೇ ಪ್ರಶ್ನೆ, ಇದೇ ಉತ್ತರ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದ್ದರೂ ಹಗುರವೇ.

ಒಂದು ಶ್ರಾವಣದಲ್ಲಿ ಅವರು ಕೊಡಲಿ ಬಿಟ್ಟು ಹಿತ್ತಿಲ ಕಲ್ಲಿನ ಮೇಲೆ ಕೂತುಬಿಟ್ಟರು. ನಮ್ಮೆಜಮಾನರು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂರು ದಿನ ಅಲ್ಲಿದ್ದು ಬಂದ ರಾಯರು ಕೇಳಿದವರಿಗೆಲ್ಲ "ಗ್ಯಾಸ್ಟ್ರಿಕ್ಕು" ಎಂದರು. ಕೊಡಲಿ ಯಾಕೆ ಹಿಡಿಯುತ್ತಿಲ್ಲ ಎಂದರೆ "ಭುಜ ಹಿಡ್ಕೊಂಡಿದೆ" ಎಂದರು. ಗ್ಯಾಸ್ಟ್ರಿಕ್ಕಿಗೂ ಭುಜಕ್ಕೂ ಏನು ಸಂಬಂಧ ಎಂದು ನಾನು ಕೇಳಿದ್ದಕ್ಕೆ "ನಿಮ್ಮ ಕ್ಲಾಸಿನಲ್ಲಿ ಇಷ್ಟು ಪ್ರಶ್ನೆ ಕೇಳಿದ್ರೆ ಸುಮ್ನಿರ್ತೀರಾ?" ಎಂದು ನಗಿಸಿ ಮಾತು ತೇಲಿಸಿದರು.

ಆಮೇಲೆ ಶುರುವಾಯಿತು ನೋಡಿ, ಮರ ಕೊಯ್ಯುವ ಮೆಷಿನ್ನಿನ ಹುಡುಕಾಟ. ಚೈನು ಸುತ್ತುವ ಗರಗಸ, ಆಗಿನ್ನೂ ನಮ್ಮ ಕಡೆ ಮನೆಗಳಲ್ಲಿ ಯಾರೂ ಕಂಡದ್ದಲ್ಲ. ಸಿಟಿ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿರುವ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ರಾಯರು ಶನಿವಾರ ಶನಿವಾರ ಸುತ್ತಿದರು. ಬಂದು ಅಂಗಳದಲ್ಲಿ ಕೂತು ನಮಗೆ ವರದಿ ಒಪ್ಪಿಸುತ್ತಿದ್ದರು.

"ತೋಟ ಎಲ್ಲಿ ಸಾರ್, ಎಷ್ಟು ಎಕರೆ ಅಂತಾನೆ. ತೋಟ ಇಲ್ಲಪ್ಪ, ಬಚ್ಚಲುಮನೆ ಇದೆ ಅಂದೆ. ನನ್ನ ಮುಖಾನೇ ನೋಡ್ತಾ ನಿಂತ್ಬಿಟ್ಟ."

ಪೆಟ್ರೋಲಿನದು ಬೇಡವೆಂದರು. ಹಗ್ಗ ಜಗ್ಗಿ ಸ್ಟಾರ್ಟ್ ಮಾಡಬೇಕು, ಎದೆಗೆ ಶ್ರಮ, ಅದರ ಸದ್ದಿಗೆ ಅಕ್ಕ ಬೆದರುತ್ತಾಳೆ. ಕರೆಂಟಿನದೇ ಆಗಬೇಕು. ಚೈನು ಸುತ್ತುವ ಪಟ್ಟಿ ಉದ್ದವಿದ್ದರೆ ದಪ್ಪ ದಿಮ್ಮಿ ಕೊಯ್ಯಬಹುದು, ಆದರೆ ಮೂತಿ ಭಾರವಾಗಿ ಕೆಳಕ್ಕೆ ಎಳೆಯುತ್ತದೆ. ಗಿಡ್ಡದಾದರೆ ಹಗುರ, ಆದರೆ ದಿಮ್ಮಿಯನ್ನು ತಿರುಗಿಸಿ ತಿರುಗಿಸಿ ಎರಡು ಕಡೆಯಿಂದ ಕೊಯ್ಯಬೇಕು. ಹಗುರಕ್ಕೂ ಕೆಲಸಕ್ಕೂ ನಡುವೆ ಎಲ್ಲಿ ನಿಲ್ಲುವುದೆಂದು ತೀರ್ಮಾನಿಸಲಾಗದೆ ಒದ್ದಾಡಿದರು. ಮನೆಯಲ್ಲಿ ಹಿತ್ತಾಳೆ ಬಿಂದಿಗೆಗೆ ನೀರು ತುಂಬಿ, ಮುಂದಕ್ಕೆ ಎತ್ತಿ ಹಿಡಿದು ನಿಂತು, ಎಷ್ಟು ಭಾರ ಎಷ್ಟು ಹೊತ್ತು ತಡೆಯುತ್ತದೆಂದು ಪರೀಕ್ಷೆ ಮಾಡಿದರು. ನಮ್ಮೆಜಮಾನರು "ಹೆಣ್ಣು ನೋಡೋಕ್ಕೂ ಇಷ್ಟು ದಿನ ತಗೊಂಡೇ ಮದುವೆ ಆಗ್ಲಿಲ್ವೇನೋ" ಎಂದು ತಮಾಷೆ ಮಾಡಿದರು. ರಾಯರು ಅದಕ್ಕೂ ನಕ್ಕರು. ಆ ಕಥೆ ಅಕ್ಕಮ್ಮ ನನಗೆ ಎಂದೋ ಹೇಳಿದ್ದರು. ನೋಡಲು ಹೋದ ಮನೆಯಲ್ಲಿ, ಅಕ್ಕನನ್ನು ಬೇರೆ ಇಡಬೇಕೆಂದು ಹೆಣ್ಣಿನ ತಂದೆ ಹೇಳಿದರಂತೆ. ಇವರು ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ನಮಸ್ಕಾರ ಮಾಡಿ ಎದ್ದು ಬಂದರಂತೆ.

ಒಂದು ಶನಿವಾರ ನನ್ನ ಬಾಗಿಲಲ್ಲಿ ನಿಂತರು. "ಟೀಚರಮ್ಮಾ, ಸ್ವಲ್ಪ ಮಾರ್ಕೆಟ್‌ಗೆ ಬರ್ತೀರಾ? ಒಂದು ಅಭಿಪ್ರಾಯ ಬೇಕಿತ್ತು."

"ನಂಗೇನ್ರೀ ಗೊತ್ತು ಗರಗಸದ ವಿಷಯ?"

"ಗೊತ್ತಿರೋರನ್ನೆಲ್ಲ ಕೇಳಿಯಾಯ್ತು. ಇನ್ನು ನೀವೇ."

ಅಂಗಡಿಯ ಮಾಲೀಕರಿಗೆ ರಾಯರು ಆಗಲೇ ಹಳೆಯ ಗಿರಾಕಿ, ಏನೂ ಕೊಳ್ಳದ ಗಿರಾಕಿ. ನಾಲ್ಕು ಮೆಷಿನ್ನುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟರು. ರಾಯರು ಒಂದೊಂದನ್ನೂ ಎತ್ತಿ ನನ್ನ ಕೈಗೆ ಕೊಟ್ಟರು. "ಹಿಡ್ದು ನೋಡಿ. ಎಡಗೈ ಮುಂದೆ, ಬಲಗೈ ಹಿಂದೆ. ಹಾಗೇ ನಿಂತಿರಿ ಸ್ವಲ್ಪ ಹೊತ್ತು."

"ನಾನೇನು ಸಾಮಾನು ಹೊರೋ ಕೂಲಿಯವಳಾ ರಾಯರೇ?"

"ನಿಮ್ಮ ಮಣಿಕಟ್ಟು ಏನು ಹೇಳುತ್ತೆ, ಅದನ್ನ ಹೇಳಿ."

ಮೂರನೆಯದನ್ನು ಹಿಡಿದಾಗ "ಅಯ್ಯೋ, ಇದು ಭಾರ" ಎಂದೆ. ಅದನ್ನು ತಕ್ಷಣ ಪಕ್ಕಕ್ಕೆ ಸರಿಸಿದರು. "ಸಾರ್, ಹೋದ ವಾರ ಇದೇ ಫೈನಲ್ ಅಂದ್ರಲ್ಲ" ಎಂದರು ಮಾಲೀಕರು. "ಭಾರವಂತಲ್ಲಪ್ಪಾ" ಎಂದರು ರಾಯರು. ನಾಲ್ಕನೆಯದು ಎಲ್ಲಕ್ಕಿಂತ ಚಿಕ್ಕದು, ಮಗುವನ್ನು ಎತ್ತಿಕೊಂಡ ಹಾಗಿತ್ತು. "ಇದಾದ್ರೆ ಆಗುತ್ತೆ" ಎಂದೆ. ರಾಯರು ಮರುಮಾತಿಲ್ಲದೆ ಅದನ್ನೇ ಕೊಂಡುಬಿಟ್ಟರು. ಛತ್ರಿಗೆ ಒಂದು ಮಳೆಗಾಲ ತೆಗೆದುಕೊಂಡವರು ನನ್ನ ಒಂದು ಮಾತಿಗೆ ಗರಗಸ ಕೊಂಡರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಮೊದಲ ದಿನವೇ ವಠಾರದ ಫ್ಯೂಸು ಹೋಯಿತು. ಎಲ್ಲರೂ ಸಂಜೆಯ ಧಾರಾವಾಹಿ ಬಿಟ್ಟು ಹೊರಗೆ ಬಂದು ಬೈದರು. ಎರಡನೆಯ ತಕರಾರು ಎಣ್ಣೆಯದು. ಆ ಚೈನು ಓಡಬೇಕಾದರೆ ಹೊಟ್ಟೆಗೆ ಎಣ್ಣೆ ಹಾಕಬೇಕು. ಮೆಷಿನ್ ಎಣ್ಣೆ ಸೌದೆಗೆ ಮೆತ್ತಿಕೊಂಡರೆ ಹೊಗೆ ನಾರುತ್ತದೆ, ಮಡಿಯ ನೀರಿಗೆ ಅದಾಗದು, ಅಕ್ಕ ಮೂಗು ಮುರಿಯುತ್ತಾಳೆ ಎಂದು ರಾಯರು ಗಾಣದ ಕೊಬ್ಬರಿ ಎಣ್ಣೆ ತಂದು ಹಾಕಿದರು. ದೀಪಾವಳಿಯವರೆಗೆ ಚೆನ್ನಾಗಿಯೇ ಓಡಿತು. ಧನುರ್ಮಾಸದ ಚಳಿಗೆ ಎಣ್ಣೆ ಒಳಗೇ ಹೆಪ್ಪುಗಟ್ಟಿ ಚೈನು ಒಣಗಿ ಕಾದು, ವಠಾರದ ತುಂಬ ಕೊಬ್ಬರಿ ಮಿಠಾಯಿ ಸೀದ ವಾಸನೆ. ಮರುದಿನ ನೋಡಿದರೆ ಗರಗಸಕ್ಕೆ ಅಕ್ಕಮ್ಮನ ಹಳೆಯ ಸೀರೆ ಸುತ್ತಿ ಹಂಡೆಯ ಪಕ್ಕ ಬೆಚ್ಚಗೆ ಮಲಗಿಸಿದ್ದರು. "ಬಾಣಂತಿ ಕೋಣೆ ಮಾಡ್ಬಿಟ್ರಲ್ಲ" ಎಂದು ನಾನು ನಕ್ಕೆ. ಆಮೇಲೆ ಕಡಲೇಕಾಯಿ ಎಣ್ಣೆಗೆ ಬದಲಾಯಿಸಿದರು.

ದಿಮ್ಮಿ ಇಡುವುದಕ್ಕೆ ಕತ್ತರಿಗಾಲಿನ ಒಂದು ಸ್ಟ್ಯಾಂಡು ಮಾಡಿಸಿದ್ದರು. ಅದು ಅವರಿಗೆ ತೀರ ಗಿಡ್ಡ. ಬೆನ್ನು ಬಾಗಿಸಿ, ಕತ್ತು ಇಳಿಸಿ ಕೊಯ್ಯುತ್ತಿದ್ದರು. "ಅಳತೆ ಕೊಡೋಕ್ಕೂ ಬರಲ್ವಾ ನಿಮಗೆ?" ಎಂದೆ. "ಬಡಗಿ ತಪ್ಪು ಮಾಡ್ದ" ಎಂದರು.

ಮತ್ತೆ ಒಂದು ಹೊಸ ಹಟ ಹಿಡಿದರು, ನಾನು ಕಲಿಯಬೇಕಂತೆ. "ನಾನು ಆಫೀಸಿನಿಂದ ಬರೋದು ತಡವಾದ್ರೆ ಇರ್ಲಿ ಅಂತ" ಎಂದರು. ಅಕ್ಕಮ್ಮ ತಲೆ ಬಾಚಲು ನನ್ನೊಬ್ಬಳಿಗೇ ಬಿಡುತ್ತಿದ್ದರು, ಬೇರೆಯವರು ಹತ್ತಿರ ಹೋದರೆ ಚೀರುತ್ತಿದ್ದರು. ಅವರ ಕೆಲಸವೆಂದರೆ ನನಗೆ ಇಲ್ಲವೆನ್ನಲು ಆಗುತ್ತಿರಲಿಲ್ಲ. ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು ನಿಂತೆ. ರಾಯರು ಪಕ್ಕದಲ್ಲಿ ನಿಂತು ಹೇಳುತ್ತಿದ್ದರು. "ತುದಿ ತಾಗಿಸ್ಬೇಡಿ, ಎಗರುತ್ತೆ. ನಡು ತಾಗಿಸಿ. ಒತ್ತಬೇಡಿ. ಅದರ ಭಾರಕ್ಕೆ ಅದೇ ಇಳಿಯುತ್ತೆ, ನೀವು ಜೊತೆಗಿದ್ರೆ ಸಾಕು." ಮೂರು ತುಂಡು ಕೊಯ್ದು ಇನ್ನು ನನ್ನ ಕೈಲಾಗದು ಎಂದೆ. "ಬಂತಲ್ಲ, ಸಾಕು" ಎಂದರು. ಅವರ ಮುಖದಲ್ಲಿ ಆವತ್ತು ಕಂಡ ನಿರಾಳವನ್ನು ನಾನು ಬೇರೆ ಯಾವತ್ತೂ ಕಂಡಿರಲಿಲ್ಲ.

ಯುಗಾದಿ ಕಳೆದ ವಾರ ರಾಯರು ಹೋದರು. ಬೆಳಿಗ್ಗೆ ಹಾಲು ತರಲು ಹೋದವರು ಬೂತಿನ ಎದುರೇ ಕುಸಿದರಂತೆ. ಆಸ್ಪತ್ರೆಯವರು ನಮ್ಮೆಜಮಾನರಿಗೆ ಹೇಳಿದರು, ಶ್ರಾವಣದಲ್ಲೂ ಆದದ್ದು ಹೃದಯಾಘಾತವೇ, ಇನ್ನೊಂದಾದರೆ ತಡೆಯುವುದಿಲ್ಲವೆಂದು ಅವರಿಗೆ ಆಗಲೇ ತಿಳಿಸಿದ್ದೆವು ಎಂದು. ಗ್ಯಾಸ್ಟ್ರಿಕ್ಕಂತೆ. ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಆ ಮನುಷ್ಯ ನಮ್ಮನ್ನೆಲ್ಲ ನಗಿಸಿಕೊಂಡೇ ಇದ್ದ.

ದೇಹವನ್ನು ನಡುಮನೆಯಲ್ಲಿ ಮಲಗಿಸಿದ್ದರು. ಅಕ್ಕಮ್ಮ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲುಮನೆಯ ಹೊಸಿಲ ಮೇಲೆ ಕೂತಿದ್ದರು. ಕರೆತಂದು ತಮ್ಮನ ಮುಖ ತೋರಿಸಿದೆವು. "ಯಾರು ಪಾಪ, ಇಷ್ಟುದ್ದ ಇದಾರೆ" ಎಂದು ಹೇಳಿ ಮತ್ತೆ ಹೊಸಿಲಿಗೆ ಹೋಗಿ ಕೂತರು. ಹೆಣವಿರುವ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮಧ್ಯಾಹ್ನವಾಯಿತು, ಅಕ್ಕಮ್ಮ ಹಾಗೇ ಕೂತಿದ್ದರು, ತುಟಿ ಒಣಗಿ ಬಿಳಿಚಿಕೊಂಡಿತ್ತು. "ಪುಟ್ಟ ಎಲ್ಲಿ? ಹಂಡೆಗೆ ಉರಿ ಹಾಕಿಲ್ಲ" ಎಂದು ಕೇಳುತ್ತಲೇ ಇದ್ದರು.

ಗಂಡಸರು ದೇಹ ಎತ್ತಿಕೊಂಡು ಗೇಟು ದಾಟಿದ್ದೇ ನಾನು ಬಚ್ಚಲೊಲೆಗೆ ಬೆಂಕಿ ಹಚ್ಚಿದೆ. ಸಾವಿನ ಸ್ನಾನಕ್ಕೆ ಬಿಸಿನೀರು ಉಂಟೇ ಎಂದು ಯಾರೋ ಹಿಂದಿನಿಂದ ಗೊಣಗಿದರು. ಬಾಯಿ ಮುಚ್ಚಿಕೊಂಡು ಹೋಗಿ ಎಂದೆ. ರಾಯರೇ ಕೊಯ್ದು ಗೋಡೆಗೆ ಒಟ್ಟಿದ್ದ ಸೌದೆ, ಎಲ್ಲ ಒಂದೇ ಅಳತೆ. ಹೊಗೆ ಎದ್ದಿತು. ಅಕ್ಕಮ್ಮ ಹಂಡೆಯ ಮೈ ಮುಟ್ಟಿ ನೋಡಿ, ಒಪ್ಪಿ, ಕೂತರು. ನಾನು ಅವರ ತಲೆಯ ಮೇಲೆ ನೀರು ಹಾಕಿದೆ. ಒಡಹುಟ್ಟಿದವನು ಹೋದಾಗ ಮಾಡಬೇಕಾದ ಸ್ನಾನವನ್ನು ಅಕ್ಕಮ್ಮ ಏನೂ ಗೊತ್ತಿಲ್ಲದೆ ಮಾಡಿದರು. "ನೀರು ಚೆನ್ನಾಗಿ ಕಾದಿದೆ" ಎಂದರು. ನನಗೆ ಅಳು ತಡೆಯಲಾಗಲಿಲ್ಲ. ವಠಾರದ ಇನ್ನೊಂದು ಮನೆಯಿಂದ ಬಂದ ಮೊಸರನ್ನದಲ್ಲಿ ನಾಲ್ಕು ತುತ್ತು ತಿಂದು, ಉಳಿದದ್ದಕ್ಕೆ ತಟ್ಟೆ ಮುಚ್ಚಿ, ಪುಟ್ಟನಿಗೆ ಇರಲಿ ಎಂದರು.

ರಾಯರನ್ನು ಕರೆಂಟಿನ ಚಿತಾಗಾರಕ್ಕೆ ಒಯ್ದಿದ್ದರು, ಒಂದು ತುಂಡು ಸೌದೆಯೂ ಬೇಕಾಗಲಿಲ್ಲ ಎಂದು ನಮ್ಮೆಜಮಾನರು ಬಂದು ಹೇಳಿದರು.

ಕರ್ಮ ಮಾಡಿದ ದೂರದ ದಾಯಾದಿಯೊಬ್ಬ ಎಲ್ಲ ಮುಗಿದ ಮೇಲೆ ಅಕ್ಕಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸುವ ಮಾತೆತ್ತಿದ. "ಅಲ್ಲಿ ಹಂಡೆ ಇದೆಯಾ?" ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಅಕ್ಕಮ್ಮ ಇಲ್ಲೇ ಇರುತ್ತಾರೆ ಎಂದು ನಮ್ಮೆಜಮಾನರೇ ಹೇಳಿ ಕಳಿಸಿದರು. ನಡುವಿನ ಗೋಡೆಗೆ ಒಂದು ಬಾಗಿಲು ಇಡಿಸಿದೆವು.

ಒಟ್ಟಿದ್ದ ಸೌದೆ ಮಳೆಗಾಲ ಹಿಡಿಯುವ ಹೊತ್ತಿಗೆ ಮುಗಿಯಿತು. ಡಿಪೋದಿಂದ ದಿಮ್ಮಿ ತರಿಸಿ, ಸುತ್ತಿಟ್ಟಿದ್ದ ಹಳೆಯ ಸೀರೆ ಬಿಚ್ಚಿ ಗರಗಸ ಹೊರಗೆ ತೆಗೆದೆ. ಚೈನು ಮೊಂಡಾಗಿತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ಮಾರ್ಕೆಟ್ಟಿನ ಅದೇ ಅಂಗಡಿಗೆ ಹೋದೆ. ಮಾಲೀಕರಿಗೆ ನನ್ನ ಗುರುತು ಸಿಕ್ಕಿತು. ನಾನು ಏನೂ ಹೇಳುವ ಮೊದಲೇ ಅವರ ಮುಖ ಇಳಿಯಿತು.

"ಸಾರ್ ಹೋದ್ರಾ ಮೇಡಂ?"

"ನಿಮಗೆ ಹೇಗೆ ಗೊತ್ತಾಯ್ತು?"

"ನೀವೊಬ್ರೇ ಬಂದ್ರಲ್ಲ. ಅವರೇ ಹೇಳಿದ್ರು, ಚೈನು ಹರಿತ ಮಾಡಿಸೋಕ್ಕೆ ಮುಂದೆ ಒಬ್ರು ಟೀಚರ್ ಬರ್ತಾರೆ ಅಂತ."

ಚೈನನ್ನು ಉಜ್ಜುತ್ತಾ, ನನ್ನ ಕಡೆ ನೋಡದೆ ಅವರು ಉಳಿದದ್ದನ್ನೂ ಹೇಳಿದರು. "ಅವರ ಕೈಗೆ ಆ ದೊಡ್ಡದು ಸರಿಯಾಗೇ ಇತ್ತು ಮೇಡಂ. ಆವತ್ತು ನೀವು ಆಚೆ ಹೋದ್ಮೇಲೆ, ಬಿಲ್ ಬರೀವಾಗ, ಅದನ್ನೇ ತಗೊಳ್ಳಿ ಅಂದೆ. ನನಗಲ್ಲಪ್ಪ ಅಂದ್ರು. ನನ್ನ ಹಾರ್ಟು ಹೆಚ್ಚು ದಿನ ಬರಲ್ಲ, ಆಮೇಲೆ ಹಿಡಿಯೋರು ಟೀಚರಮ್ಮ, ಅವರ ಕೈ ಯಾವುದನ್ನ ಒಪ್ಪುತ್ತೋ ಅದನ್ನೇ ಕೊಡು ಅಂದ್ರು. ನಗ್ತಾನೇ ಹೇಳಿದ್ರು."

ಬಸ್ಸಿನಲ್ಲಿ ಇಡೀ ದಾರಿ ನಾನು ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದೆ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ ರಾಯರೇ? ನನಗೂ ಸಂಸಾರವಿದೆ, ಶಾಲೆಯಿದೆ. ಕೇಳಿದ್ದರೆ ನಾನು ಆಗುವುದಿಲ್ಲ ಎನ್ನುತ್ತಿದ್ದೆನೇ? ಅಷ್ಟೂ ಗೊತ್ತಿರಲಿಲ್ಲವೇ ನಿಮಗೆ? ಒಂದು ಛತ್ರಿಗೆ ಮಳೆಗಾಲ ಕಳೆದವರು, ಎಳೆ ಬದನೆಕಾಯಿಗೆ ಬಜಾರು ಸುತ್ತಿದವರು, ನನ್ನನ್ನು ಆರಿಸುವುದಕ್ಕೆ ಎಷ್ಟು ದಿನ ತೆಗೆದುಕೊಂಡರೋ. ಪಕ್ಕದಲ್ಲಿ ಕೂತ ಹೆಂಗಸು "ಯಾಕಮ್ಮಾ ಅಳ್ತಿದೀರ?" ಎಂದು ಕೇಳಿದಳು.

ಸಂಜೆ ಹಿತ್ತಿಲಿನಲ್ಲಿ ಸೆರಗು ಸಿಕ್ಕಿಸಿಕೊಂಡು, ಕಡಲೇಕಾಯಿ ಎಣ್ಣೆ ಹಾಕಿ, ದಿಮ್ಮಿಯನ್ನು ಸ್ಟ್ಯಾಂಡಿನ ಮೇಲಿಟ್ಟೆ. ಬಗ್ಗಲು ಹೋದೆ, ಬಗ್ಗಬೇಕಾಗಲಿಲ್ಲ. ಕಲಿತ ದಿನ ಹೆದರಿಕೆಯಲ್ಲಿ ಇದನ್ನು ಗಮನಿಸಿರಲಿಲ್ಲ. ಬಡಗಿ ತಪ್ಪು ಮಾಡಿರಲಿಲ್ಲ. ಸ್ಟ್ಯಾಂಡು ನನ್ನ ಸೊಂಟಕ್ಕೆ ಸರಿಯಾಗಿತ್ತು. ತುದಿ ತಾಗಿಸದೆ, ಒತ್ತದೆ, ಅದರ ಭಾರಕ್ಕೆ ಅದನ್ನು ಬಿಟ್ಟೆ. ಕಣ್ಣು ಮಂಜಾಗಿ ದಿಮ್ಮಿ ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ಮೊದಲ ತುಂಡು ನೆಟ್ಟಗೆ ಕೆಳಗೆ ಬಿತ್ತು. ಗುಂಡಿ ಬಿಟ್ಟಾಗ ಸದ್ದು ನಿಂತಿತು.

ಒಳಗಿನಿಂದ ಅಕ್ಕಮ್ಮನ ಧ್ವನಿ ಬಂತು.

"ಪುಟ್ಟಾ, ಸಾಕು ಬಾರೋ. ತೋಳು ನೋಯುತ್ತೆ."

ಎರಡನೆಯ ತುಂಡಿಗೆ ದಿಮ್ಮಿಯನ್ನು ಮುಂದಕ್ಕೆ ಸರಿಸಿಟ್ಟೆ.

"ಇಲ್ಲಕ್ಕಾ" ಎಂದೆ. "ಹಗುರಾಗಿದೆ."